ಮನೆ ಬಿಡುವ ಮುನ್ನ ಗ್ಯಾಸ್

ನಮ್ಮ ಅತ್ತೆ ಒಂದೇ ತಿಂಗಳಲ್ಲಿ ಹದಿನೇಳು ಸಲ ಗಂಡನನ್ನು ಬಿಟ್ಟು ಹೊರಟವರು. ಹದಿನೇಳು ಸಲವೂ ಬಾಗಿಲಿನಿಂದ ವಾಪಸು ಬಂದರು, ಗ್ಯಾಸ್ ಆಫ್ ಮಾಡಲು. ಗಾಬರಿಯಾಗಬೇಡಿ, ಬಿಟ್ಟದ್ದು ನಾಟಕದ ಗಂಡನನ್ನು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಚಾಮರಾಜಪೇಟೆಯಲ್ಲಿ ಮನೆ, ಮಾಮೂಲ್‌ಪೇಟೆಯಲ್ಲಿ ಮಾವನ ದಾರ, ಗುಂಡಿಗಳ ಅಂಗಡಿ. ಮದುವೆಯಾದ ಈ ಮೂವತ್ತೆಂಟು ವರ್ಷಗಳಲ್ಲಿ ಅತ್ತೆ ಹೊರಟಾಗಲೆಲ್ಲ ಗೇಟಿನ ಹತ್ತಿರ ಮಾವ ಕೇಳುವುದು ಒಂದೇ ಪ್ರಶ್ನೆ: "ಗ್ಯಾಸ್ ಆಫ್ ಮಾಡಿದ್ಯಾ?" ಮಾಡಿರುತ್ತಾರೆ. ಆದರೂ ಹಾಗೆ ಕೇಳಿದ ಮೇಲೆ ಯಾವ ಹೆಂಗಸಿಗೆ ಧೈರ್ಯ ಉಳಿದೀತು? ಒಮ್ಮೆ ಮೆಜೆಸ್ಟಿಕ್‌ನಲ್ಲಿ ಇಬ್ಬರೂ ಬಸ್ಸು ಹತ್ತಿ ಕೂತ ಮೇಲೆ ಕೇಳಿದರು. ಅತ್ತೆ ಇಳಿದು ಮನೆಗೆ ಓಡಿದರು. ಗೆಳತಿಯ ಮಗಳ ಮದುವೆಯ ಮುಹೂರ್ತ ತಪ್ಪಿತು. ಗ್ಯಾಸ್ ಆಫ್ ಆಗಿಯೇ ಇತ್ತು.

ಇಂಥವರಿಗೆ ಬಡಾವಣೆಯ ಮಹಿಳಾ ತಂಡ ಒಂದು ಹಳೆಯ ವಿದೇಶಿ ನಾಟಕದ ಹೆಂಡತಿಯ ಪಾತ್ರ ಕೊಟ್ಟಿತು. ಗಂಡನ ಮುದ್ದಿನಲ್ಲಿ ತಾನೂ ಒಬ್ಬ ವ್ಯಕ್ತಿ ಎಂಬುದನ್ನೇ ಮರೆತವಳು ಕೊನೆಗೆ ಗಂಡ, ಮಕ್ಕಳನ್ನು ಬಿಟ್ಟು ಹೊರಡುವ ಕಥೆ.

"ಜನ ನಮ್ಮನೆ ವಿಷ್ಯ ಅಂದ್ಕೋತಾರೆ," ಎಂದರು ಮಾವ.

"ಅಂದ್ಕೊಳ್ಳಿ ಬಿಡಿ," ಎಂದರು ಅತ್ತೆ. ಶೇಷಾದ್ರಿಪುರದ ಕಾಲೇಜಿನಲ್ಲಿ ಓದುವಾಗ ನಾಟಕವಾಡುತ್ತಿದ್ದ ಅವರು ಮದುವೆಯಾದ ಮೇಲೆ ಮಾವನನ್ನು ಕೇಳದೆ ಕೈಗೆತ್ತಿಕೊಂಡ ಮೊದಲ ಕೆಲಸ ಇದು.

ತಾಲೀಮಿನಲ್ಲಿ ಮಾತೆಲ್ಲ ನೀರು ಕುಡಿದಷ್ಟು ಸಲೀಸು. ಕೊನೆಯ ದೃಶ್ಯದಲ್ಲಿ ಮಾತ್ರ ಪೆಟ್ಟಿಗೆ ಹಿಡಿದು ಬಾಗಿಲಿಗೆ ಹೋದವರು ತಿರುಗಿ ಬಂದು, ಅಲ್ಲಿ ಇಲ್ಲದ ಒಲೆಯ ನಾಬನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು. ಕೈ ತಾನಾಗಿಯೇ ಹೋಗುತ್ತಿತ್ತು, ಪಾಪ.

"ಅಮ್ಮಾ, ನೀವು ಸಂಸಾರಾನೇ ಬಿಟ್ಟು ಹೋಗ್ತಿದೀರ. ಗ್ಯಾಸ್ ಚಿಂತೆ ಯಾಕೆ?" ಎಂದರು ನಿರ್ದೇಶಕಿ.

"ಒಳಗೆ ಮಕ್ಕಳು ಮಲಗಿದಾವಲ್ಲಮ್ಮ," ಎಂದರು ಅತ್ತೆ.

ಆ ದಿನ ತಾಲೀಮಿನಿಂದ ಬರುವಾಗ ನನ್ನ ಸ್ಕೂಟರಿನ ಹಿಂದೆ ಕೂತು ಅವರು ಹೇಳಿದರು: "ಒಂದ್ಸಲ, ಒಂದೇ ಒಂದ್ಸಲ ಹಿಂದೆ ತಿರುಗ್ದೆ ಹೋಗ್ಬೇಕು ಕಣೋ. ನನ್ ಕೈಲಿ ಆಗತ್ತೋ ಇಲ್ವೋ." ಅಲ್ಲಿಯವರೆಗೆ ನಗುತ್ತಿದ್ದ ನಾನು ಸ್ಕೂಟರಿನ ವೇಗ ತಗ್ಗಿಸಿದೆ.

ಪ್ರದರ್ಶನ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ಬರುವುದಿಲ್ಲ ಎಂದಿದ್ದ ಮಾವ ಇಸ್ತ್ರಿ ಪಂಚೆಯುಟ್ಟು ಬಂದು ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತರು. ಕೊನೆಯ ದೃಶ್ಯ ಬಂತು. ಅತ್ತೆ ಪೆಟ್ಟಿಗೆ ಹಿಡಿದು ಬಾಗಿಲವರೆಗೆ ಹೋದರು, ನಿಂತರು. ಖಾಲಿಯಿದ್ದ ಕೈಯ ಬೆರಳುಗಳು ಆಗಲೇ ನಾಬು ಹುಡುಕುತ್ತಿದ್ದವು.

ಮಾವ ಎದ್ದು ನಿಂತರು. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದರು: "ಗ್ಯಾಸ್ ನಾನ್ ನೋಡ್ಕೋತೀನಿ. ನೀನು ಹೋಗು."

ಸಭೆ ಗೊಳ್ಳೆಂದು ನಕ್ಕಿತು. ಅತ್ತೆ ನಗಲಿಲ್ಲ, ತಿರುಗಲೂ ಇಲ್ಲ. ಬಾಗಿಲು ದಾಟಿ ಹೋದರು.

ನಾಟಕ ಮುಗಿದ ಮೇಲೆ ಅತ್ತೆ ತಂಡದವರ ಜೊತೆ ಬಸವನಗುಡಿಗೆ ಊಟಕ್ಕೆ ಹೊರಟರು, ಯಾರನ್ನೂ ಕೇಳದೆ. ನಾನು ಮಾವನನ್ನು ಮನೆಗೆ ಕರೆತಂದೆ. ಬೆಳಗಿನ ಸಾರು ಬಿಸಿ ಮಾಡಬೇಕಿತ್ತು. ನಾನು ಒಲೆ ಹಚ್ಚಿದೆ. ಸಾರು ಕುದಿಯಿತು. ಮಾವ ಒಲೆಯ ಮುಂದೆ ಕೈ ಚಾಚಿ ಹಾಗೇ ನಿಂತುಬಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಆಫ್ ಮಾಡೋಕೆ ಯಾವ ಕಡೆ ತಿರುಗಿಸ್ಬೇಕಪ್ಪ ಇದನ್ನ?"

ಮೂವತ್ತೆಂಟು ವರ್ಷ ಗೇಟಿನಲ್ಲಿ ನಿಂತು ಕೇಳಿದ ಮನುಷ್ಯ ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ನನಗೆ ನಗು ಬರಲಿಲ್ಲ. ಅವರ ಕೈ ಹಿಡಿದು ತೋರಿಸಿಕೊಟ್ಟೆ.