ಸೀಲಪ್ಪನವರ ಪ್ರಶಂಸಾ ಪತ್ರ

ಮ್ಯಾನೇಜರು ಗೋಡೆಗೆ ಆ ನೋಟಿಸು ಅಂಟಿಸದಿದ್ದರೆ ಸೀಲಪ್ಪನವರ ದಿನ ಸುಖವಾಗಿಯೇ ಕಳೆಯುತ್ತಿತ್ತು.

‘ನಮ್ಮ ಸಿಬ್ಬಂದಿಯ ಎಚ್ಚರವನ್ನು ಹೊರಗಿನ ಕಂಪನಿಯವರು ಇಂದು ಪರೀಕ್ಷಿಸಲಿದ್ದಾರೆ. ಫೋನಿನಲ್ಲಿ ಯಾರು ಕೇಳಿದರೂ ಪಾಸ್‌ವರ್ಡ್ ಹೇಳಕೂಡದು. ಹೇಳಿದವರನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಲಾಗುವುದು.’

ಸೀಲಪ್ಪ ಅವರ ನಿಜವಾದ ಹೆಸರಲ್ಲ. ಜನನ ಪತ್ರದ ಕೌಂಟರಿನಲ್ಲಿ ಮೂವತ್ತೊಂದು ವರ್ಷದಿಂದ ಕೂತು, ಒಂದು ಸಾಲದೆಂದು ಪ್ರತಿ ಪತ್ರಕ್ಕೂ ಎರಡೆರಡು ಸೀಲು ಒತ್ತಿ ಸಂಪಾದಿಸಿದ ಬಿರುದು. ಊರಿನ ಅರ್ಧ ಜನ ಹುಟ್ಟಿದ್ದಾರೆ ಎನ್ನುವುದಕ್ಕೆ ಅವರ ಸೀಲೇ ಸಾಕ್ಷಿ. ಕಳೆದ ತಿಂಗಳು ‘ಹಿರಿಯ ನೌಕರರಿಗೆ ಉಚಿತ ದಿಂಬು’ ಎಂಬ ಮೇಲ್ ಬಂದಾಗ, ಕುತ್ತಿಗೆ ನೋವಿದ್ದ ಸೀಲಪ್ಪನವರು ಆಸೆಯಿಂದ ಅದರಲ್ಲಿದ್ದ ಲಿಂಕ್ ಒತ್ತಿಬಿಟ್ಟಿದ್ದರು. ಇಡೀ ಕಚೇರಿಯ ಕಂಪ್ಯೂಟರುಗಳು ಎರಡು ದಿನ ಮೂರ್ಛೆ ಹೋಗಿದ್ದವು. ಇನ್ನೊಮ್ಮೆ ಜಾರಿದರೆ ಕಿಟಕಿ ಪಕ್ಕದ ಕುರ್ಚಿ ಹೋಯಿತು; ನಿವೃತ್ತಿಯವರೆಗಿನ ಮೂರು ವರ್ಷ ಇಲಿಗಳ ಸಹವಾಸ.

ಅವರ ಚೀಲದಲ್ಲಿ ಇನ್ನೊಂದು ಚಿಂತೆಯೂ ಇತ್ತು: ಮಗಳ ಹೆಸರಿನಲ್ಲಿ ತುಂಬಿದ ಗುಮಾಸ್ತೆ ಪರೀಕ್ಷೆಯ ಅರ್ಜಿ. ಕಾಲೇಜಿನಲ್ಲಿ ಇತಿಹಾಸ ಓದಿದ ಹುಡುಗಿ ಎರಡು ವರ್ಷ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತು, ಶನಿವಾರಗಳಂದು ಲೈಬ್ರರಿಯ ಉಚಿತ ತರಗತಿಗೆ ಹೋಗಿ, ಈಗ ಕಂಪ್ಯೂಟರ್ ಕಳ್ಳರಿಂದ ಜನರನ್ನು ಕಾಯುವ ಕೆಲಸವೇ ಬೇಕು ಎಂದು ಕೂತಿದ್ದಳು. ಅದಕ್ಕೆ ಇವತ್ತು ಸಂದರ್ಶನ.

"ಕಳ್ಳರ ಥರ ಯೋಚನೆ ಮಾಡೋದೂ ಒಂದು ಕೆಲಸವೇನಮ್ಮ?" ಎಂದು ಬೆಳಿಗ್ಗೆ ಕೇಳಿದ್ದರು.

"ಕಳ್ಳರಿಗಿಂತ ಮುಂಚೆ ಯೋಚನೆ ಮಾಡೋ ಕೆಲಸ ಅಪ್ಪ. ಇವತ್ತು ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ನಿಮ್ಮ ಅರ್ಜಿಗೆ ಸೈನ್ ಹಾಕ್ತೀನಿ. ಸೆಲೆಕ್ಟ್ ಆದ್ರೆ ನೀವು ಮತ್ತೆ ಆ ವಿಷಯ ಎತ್ತಬಾರದು."

ಒಪ್ಪಂದವಾಗಿತ್ತು.

ಹತ್ತೂವರೆಗೆ ಮೊದಲ ಫೋನು. "ಹೆಡ್ ಆಫೀಸಿಂದ. ನಿಮ್ಮಲ್ಲಿ ಎಷ್ಟು ಕಂಪ್ಯೂಟರ್ ಇವೆ?"

"ಎಣಿಸೋದನ್ನ ನಮಗಿನ್ನೂ ಕಲಿಸಿಲ್ಲ" ಎಂದು ಸೀಲಪ್ಪನವರು ಫೋನಿಟ್ಟರು. ಪಕ್ಕದ ಮೇಜಿನ ಟೈಪಿಸ್ಟಮ್ಮ ಹೆಬ್ಬೆರಳೆತ್ತಿದರು. ಅದು ನಿಜವಾಗಿಯೂ ಹೆಡ್ ಆಫೀಸು ಎಂಬುದು ಹನ್ನೊಂದಕ್ಕೆ ಗೊತ್ತಾಯಿತು.

ಹನ್ನೆರಡಕ್ಕೆ ಯಾವುದೋ ಗುರುತಿಲ್ಲದ ನಂಬರಿನಿಂದ ಹೆಂಡತಿ. "ನನ್ನ ಫೋನ್ ಮನೆಯೊಳಗೇ ಉಳೀತು. ಬೀಗದ ಇನ್ನೊಂದು ಕೈ ಎಲ್ಲಿಟ್ಟಿದೀರಿ?"

ದನಿ ಹೆಂಡತಿಯದೇ. ಆದರೆ ಈ ಕಾಲದಲ್ಲಿ ದನಿಯನ್ನೂ ನಕಲು ಮಾಡುತ್ತಾರೆಂದು ಮಗಳೇ ಹೇಳಿದ್ದಳು.

"ನೀವು ಅವಳೇ ಅನ್ನೋದಕ್ಕೆ ಪುರಾವೆ ಏನು?"

"ಸಂಜೆ ಮನೆಗೆ ಬನ್ನಿ, ಕೊಡ್ತೀನಿ."

"ಇವಳೇ ಅನ್ಸುತ್ತೆ" ಎಂದರು ಸೀಲಪ್ಪನವರು, ಫೋನು ಕಟ್ಟಾದ ಮೇಲೆ.

ಎರಡು ಗಂಟೆಗೆ ಮ್ಯಾನೇಜರು ರೆಕಾರ್ಡ್ ರೂಮು ನೋಡಿಕೊಂಡು ಬರಲು ಕೆಳಗಿಳಿದರು. ಅಲ್ಲಿನ ಬಾಗಿಲು ಹೊರಗಿನಿಂದ ತಳ್ಳಿದರೆ ತೆರೆಯುತ್ತದೆ; ಒಳಗಿನಿಂದ ಹೊರಬರಲು ನಂಬರು ಒತ್ತಬೇಕು. ಆ ನಂಬರು ಬಾಯಿಪಾಠವಿದ್ದದ್ದು ಸೀಲಪ್ಪನವರಿಗೆ ಮಾತ್ರ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗಿನ ಹಳೆಯ ಫೋನಿನಿಂದ ಮ್ಯಾನೇಜರು ಕೂಗಿದರು: "ರೀ, ನಾನು ಕಣ್ರೀ, ಬೇಗ ನಂಬರ್ ಹೇಳ್ರೀ, ಇಲ್ಲೇನೋ ಕಾಲ ಮೇಲೆ ಓಡಾಡ್ತಿದೆ."

"ನಮ್ಮ ಮ್ಯಾನೇಜರ್ ಇಲಿಗೆಲ್ಲ ಹೆದರೋರಲ್ಲ" ಎಂದರು ಸೀಲಪ್ಪನವರು.

"ಬಿಡ್ಬೇಡಿ ಸಾರ್" ಎಂದು ಟೈಪಿಸ್ಟಮ್ಮ ಹುರಿದುಂಬಿಸಿದರು.

ಮೂರೂಮುಕ್ಕಾಲಿಗೆ ಜವಾನ ಕಡತ ತರಲು ಕೆಳಗೆ ಹೋದಾಗ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಹೊರಬಂದ ಮ್ಯಾನೇಜರು ಹಳೆಯ ಕಡತದಂತೆಯೇ ಧೂಳಾಗಿದ್ದರು. ಬಾಯಿ ತೆರೆಯುವಷ್ಟರಲ್ಲಿ ಸೀಲಪ್ಪನವರು ವಿನಯದಿಂದ ಗೋಡೆಯ ಕಡೆ ಕೈ ತೋರಿಸಿದರು. "ಯಾರು ಕೇಳಿದರೂ ಅಂತ ತಾವೇ ಬರೆದಿದೀರಿ ಸಾರ್." ಮ್ಯಾನೇಜರು ತಮ್ಮದೇ ಸಹಿಯನ್ನು ದುರುಗುಟ್ಟಿ ನೋಡಿ ಒಳಗೆ ಹೋದರು.

ನಾಲ್ಕೂವರೆಗೆ ಮತ್ತೆ ಫೋನು. ಹೆಣ್ಣುದನಿ, ಬಹಳ ಮೃದು.

"ಸಾರ್, ಪರೀಕ್ಷೆ ಮುಗೀತು. ತುಂಬಾ ಜನರನ್ನ ನೋಡಿದೀವಿ, ನಿಮ್ಮಂಥ ಎಚ್ಚರದ ಮನುಷ್ಯರನ್ನ ನೋಡಿರ್ಲಿಲ್ಲ. ನಿಮಗೊಂದು ಪ್ರಶಂಸಾ ಪತ್ರ ಕೊಡಬೇಕು ಅಂತಿದೀವಿ. ನಿಮ್ಮ ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿಸ್ಲಾ?"

ಸೀಲಪ್ಪನವರು ಫೋನನ್ನು ಮಂದವಾದ ಎಡಗಿವಿಯಿಂದ ಬಲಗಿವಿಗೆ ಬದಲಿಸಿದರು. ಸಾವಿರಾರು ಜನರ ಹೆಸರಿನ ಪತ್ರಗಳನ್ನು ಅವರು ದಾಟಿಸಿದ್ದರು. ತಮ್ಮ ಹೆಸರಿನದು ಒಂದೂ ಕೈಗೆ ಬಂದಿರಲಿಲ್ಲ.

"ಸೀಲು ಇರುತ್ತಾ ಮೇಡಂ?"

"ಬೇಕಾದ್ರೆ ಎರಡು ಹಾಕಿಸ್ತೀವಿ ಸಾರ್. ನಿಮ್ಮ ಕಂಪ್ಯೂಟರಿಗೇ ಕಳಿಸ್ತೀವಿ, ಪಾಸ್‌ವರ್ಡ್ ಒಂದು ಹೇಳಿಬಿಟ್ರೆ…"

ಸೀಲಪ್ಪನವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಬರ್ಕೊಂಡ್ರಾ? ಇನ್ನೊಂದ್ಸಲ ಹೇಳ್ಲಾ?" ಎಂದೂ ಕೇಳಿದರು.

ಐದು ಗಂಟೆಗೆ ವರದಿ ಬಂತು. ಇಡೀ ಕಚೇರಿಯಲ್ಲಿ ಬಲೆಗೆ ಬಿದ್ದವರು ಒಬ್ಬರೇ. ಮ್ಯಾನೇಜರು ಬಂದು ರೆಕಾರ್ಡ್ ರೂಮಿನ ಹಾಜರಿ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟರು. "ನಂಬರ್ ಹೇಗೂ ನಿಮಗೇ ಗೊತ್ತಲ್ಲ" ಎಂದಷ್ಟೇ ಹೇಳಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

ಮನೆ ತಲುಪಿದಾಗ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು, ಪುರಾವೆ ಸಿದ್ಧವಾಗಿತ್ತು. ಆದರೆ ಅದು ಶುರುವಾಗುವ ಮೊದಲೇ ಮಗಳು ಗೇಟು ತಳ್ಳಿಕೊಂಡು ಓಡಿಬಂದಳು.

"ಸೆಲೆಕ್ಟ್ ಆದೆ ಅಪ್ಪ. ನಲವತ್ತು ಜನರಲ್ಲಿ ನಾನೊಬ್ಳೇ."

ಸೀಲಪ್ಪನವರು ಚೀಲದೊಳಗಿನ ಅರ್ಜಿಯನ್ನು ಇನ್ನೂ ಒಳಕ್ಕೆ ತುರುಕಿದರು. "ಏನು ಕೇಳಿದ್ರಮ್ಮ?"

"ಹೆಸರು ಊರು ಏನೂ ಹೇಳ್ಲಿಲ್ಲ. ಒಂದ್ಸಲ ಮೋಸ ಹೋಗಿ, ಈಗ ಯಾರನ್ನೂ ನಂಬದ ಒಬ್ಬ ಹಳೇ ಗುಮಾಸ್ತ ಇದಾನೆ, ಅವನ ಪಾಸ್‌ವರ್ಡ್ ಹೇಗೆ ತೆಗೀತೀರಿ ಅಂದ್ರು. ಬೇರೆಯವರೆಲ್ಲ ಹೆದರಿಸ್ಬೇಕು ಅಂತ ಬರೆದ್ರು. ನಾನು ನಿಮ್ಮನ್ನೇ ನೆನೆಸ್ಕೊಂಡೆ. ಅಂಥವರನ್ನ ಯಾರೂ ಹೊಗಳಿರಲ್ಲ, ಹೊಗಳಿ, ಒಂದು ಸರ್ಟಿಫಿಕೇಟ್ ಕೊಡ್ತೀವಿ ಅನ್ನಿ, ಬೇಕಾದ್ರೆ ಎರಡು ಸೀಲು ಅನ್ನಿ ಅಂತ ಬರೆದೆ. ಸಂಜೆ ಆ ಗುಮಾಸ್ತನ ಮೇಲೆ ಅದನ್ನೇ ಮಾಡಿ ನೋಡಿದ್ರಂತೆ. ಎರಡೇ ನಿಮಿಷ."

ಸೀಲಪ್ಪನವರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು.

"ಪಾಪ, ಅವರನ್ನ ಏನು ಮಾಡಿದ್ರೋ" ಎಂದಳು ಮಗಳು, ದನಿ ತಗ್ಗಿಸಿ. "ಅವರ ಆಫೀಸು ಯಾವುದೋ, ಸೋಮವಾರ ಅಲ್ಲೇ ನನ್ನ ಮೊದಲ ಕ್ಲಾಸು. ಬಿದ್ದವರಿಗೆ ಹೇಳ್ಕೊಡೋದು. ಸಿಕ್ರೆ ಮೊದಲು ಕ್ಷಮೆ ಕೇಳ್ತೀನಿ."

"ಕ್ಷಮೆ ಬೇಡ. ಸ್ವಲ್ಪ ಜೋರಾಗಿ ಹೇಳ್ಕೊಡು. ಅವನ ಎಡಗಿವಿ ಮಂದ."

ಮಗಳು ಅವರ ಎಡಗಿವಿಯನ್ನೇ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಅವಳ ಕೈ ಬಾಯಿಗೆ ಹೋಯಿತು.

ಸೀಲಪ್ಪನವರು ಅವಳ ಇನ್ನೊಂದು ಕೈಯಿಂದ ನೇಮಕದ ಪತ್ರವನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಎರಡು ಬಾರಿ ಓದಿದರು. ಆಮೇಲೆ ಚೀಲ ತಡಕಾಡತೊಡಗಿದರು.

"ಏನ್ ಹುಡುಕ್ತಿದೀರಿ?" ಎಂದರು ಹೆಂಡತಿ.

"ಸೀಲು" ಎಂದರು ಅವರು. "ಇದರಲ್ಲಿ ಒಂದೇ ಒತ್ತಿದಾರೆ."