ಗಾನ್‌ಪೊ ಗುರುಗಳ ಕೊನೆಯ ಪದ್ಯ

ಗಾನ್‌ಪೊ ಗುರುಗಳ ನಾಲಿಗೆ ಜೋಮು ಹಿಡಿದದ್ದೇ ಇಷ್ಟಕ್ಕೆಲ್ಲ ಕಾರಣ. ಬೆಳಿಗ್ಗೆ ಪಕ್ಕದ ಮನೆಯ ಒತೋಯೊ ಮೀನಿನ ಸಾರು ಕಳಿಸಿದ್ದಳು. ಗುರುಗಳು ಮಹಾ ಆಸೆಬುರುಕರು, ಎರಡು ಸಲ ಊದಿ ಗಟಗಟ ಕುಡಿದರು. ಆಮೇಲೆ ನಾಲಿಗೆ ಬಾಯಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ. ಸಾರು ಉಬ್ಬುಮೀನಿನದು ಎಂದು ಒತೋಯೊ ಓಡಿಬಂದು ಎದೆ ಬಡಿದುಕೊಂಡಳು. ಉಬ್ಬುಮೀನಿನ ವಿಷ ಮೊದಲು ಹಿಡಿಯುವುದೇ ನಾಲಿಗೆಯನ್ನು ಎಂಬುದು ಓತ್ಸು ಊರಿನ ಮಕ್ಕಳಿಗೂ ಗೊತ್ತು.

ಕ್ಷಣದಲ್ಲಿ ಹನ್ನೊಂದು ಮಂದಿ ಶಿಷ್ಯರು ಹಾಜರಾದರು. ವೈದ್ಯರಿಗೆ ಹೇಳಿಕಳಿಸುವ ಮೊದಲು ಶಾಯಿ ತೇದರು. ಹೈಕು ಗುರು ಕೊನೆಯ ಪದ್ಯ ಹೇಳದೆ ಸತ್ತರೆ ಶಿಷ್ಯರು ತಲೆಯೆತ್ತಿ ತಿರುಗುವ ಹಾಗಿಲ್ಲ. ಪಾಪ, ಗುರುಗಳಿಗೋ ಇಪ್ಪತ್ತು ವರ್ಷದಿಂದ ನೆಟ್ಟಗೆ ಒಂದು ಪದ್ಯ ಹೊಳೆದಿರಲಿಲ್ಲ.

ಹಿರಿಯ ಶಿಷ್ಯ ಕಿಸುಯಿ ಅವರ ಬಾಯಿಗೆ ಕಿವಿಯಿಟ್ಟ. "ಉಸಿರಿರೋವಾಗ್ಲೇ ಹೇಳ್ಬಿಡಿ ಗುರುಗಳೇ."

ಗುರುಗಳು ತೊದಲಿದರು:

ಎಷ್ಟು ಊದಿದರೂ
ಆರದ ಸಾರು, ಹೊರಗೆ
ಮೊದಲ ಹಿಮ

ಶಿಷ್ಯರು ಗೊಳೋ ಎಂದು ಅತ್ತರು. ಆರದ ಸಾರೆಂದರೆ ಬದುಕಿನ ಆಸೆ, ಹಿಮವೆಂದರೆ ಮುಕ್ತಿ ಎಂದು ಒಬ್ಬ ವ್ಯಾಖ್ಯಾನವನ್ನೂ ಮಾಡಿದ. ಸಾವಿನ ದಿನಾಂಕ ಸೇರಿಸಿ ಪದ್ಯವನ್ನು ಓಲೆಕಾರನ ಕೈಯಲ್ಲಿ ಕ್ಯೋಟೊದ ಅಚ್ಚಿನವರಿಗೆ ಓಡಿಸಿದರು.

ಆಮೇಲೆ ವೈದ್ಯರು ಬಂದರು. ಅದೇ ಸಾರು ಕುಡಿದ ಒತೋಯೊ ಗುಂಡುಕಲ್ಲಿನ ಹಾಗೆ ನಿಂತಿದ್ದಳು. ಬಿಸಿಗೆ ನಾಲಿಗೆ ಸುಟ್ಟಿದೆ ಅಷ್ಟೆ, ಇನ್ನೂ ಇಪ್ಪತ್ತು ವರ್ಷ ಭಯವಿಲ್ಲ ಎಂದು ಹೇಳಿ ವೈದ್ಯರು ಹೊರಟರು. ಗುರುಗಳೊಬ್ಬರನ್ನು ಬಿಟ್ಟು ಯಾರ ಮುಖದಲ್ಲೂ ಕಳೆಯಿರಲಿಲ್ಲ.

"ನೀವು ಸತ್ರೆ ಇದು ಮಹಾಪದ್ಯ," ಎಂದ ಕಿಸುಯಿ ತಲೆ ಕೆರೆದುಕೊಳ್ಳುತ್ತ. "ಬದುಕಿದ್ರೆ, ಸಾರು ಬಿಸಿ ಇತ್ತು ಅನ್ನೋ ದೂರು. ನೀವೇ ಯೋಚ್ನೆ ಮಾಡಿ."

ಗುರುಗಳು ಮಧ್ಯಾಹ್ನದವರೆಗೂ ಯೋಚಿಸಿದರು. ಜೀವವೂ ಬೇಕು, ಪದ್ಯವೂ ಬೇಕು. ಕೊನೆಗೆ ಸತ್ತವರಾಗಿಯೇ ಇರಲು ಒಪ್ಪಿ, ಗಡ್ಡ ಹುಬ್ಬು ಬೋಳಿಸಿಕೊಂಡು, ದೊನ್‌ಗೊ ಎಂಬ ಹೊಸ ಹೆಸರಿಟ್ಟುಕೊಂಡು ಶಿಷ್ಯರ ಸಾಲಿನ ತುದಿಯಲ್ಲಿ ಕೂತರು.

ಸಂಜೆ ಗುರುಗಳ ಸ್ಮರಣೆಗೆ ಪದ್ಯಗೋಷ್ಠಿ. ಯಾರದೆಂದು ತಿಳಿಯದೆ ಒಳ್ಳೆಯದನ್ನು ಆರಿಸಲೆಂದು, ಪದ್ಧತಿಯಂತೆ ಎಲ್ಲರ ಪದ್ಯಗಳನ್ನೂ ಹೆಸರಿಲ್ಲದೆ ಒಂದೇ ಕೈಬರಹದಲ್ಲಿ ನಕಲು ಮಾಡಿದ್ದರು. ಬೆಳಗಿನ ಹುಮ್ಮಸ್ಸಿನಲ್ಲೇ ಗುರುಗಳೂ ಒಂದು ಬರೆದಿದ್ದರು, ಇದು ಗೆದ್ದೇ ಗೆಲ್ಲುತ್ತದೆ ಎಂಬ ಧೈರ್ಯವಿತ್ತು. ಗುರುಪೀಠದಲ್ಲಿ ಕೂತ ಕಿಸುಯಿ ಒಂದೊಂದೇ ಓದುತ್ತ ಬಂದು, ಗುರುಗಳ ಹಾಳೆಗೆ ಮುಖ ಹಿಂಡಿದ.

"ಬರೆದೋರು ಯಾರೋ ಗೊತ್ತಿಲ್ಲ. ನಮ್ಮ ಗುರುಗಳ ಧಾಟಿಯನ್ನ ಹಾಗೇ ಕದ್ದಿದ್ದಾರೆ, ಆ ಜೀವಂತಿಕೆ ಮಾತ್ರ ಇಲ್ಲ. ಅವರು ನಾಳೆಯಿಂದ ಈ ಕಡೆ ಬರೋದು ಬೇಡ."

ಗಾನ್‌ಪೊ ಗುರುಗಳು ಮೆಲ್ಲಗೆ ಎದ್ದು, ಎಲ್ಲರಿಗೂ ಬಾಗಿ ನಮಸ್ಕರಿಸಿ, ಚಪ್ಪಲಿ ಮೆಟ್ಟಿಕೊಂಡು ತಮ್ಮ ಮನೆಯಿಂದ ತಾವೇ ಹೊರಬಿದ್ದರು.