ಪ್ರೆಸ್ಸಿನ ಗಂಟಲಲ್ಲಿ ಸಿಕ್ಕಿಕೊಂಡದ್ದು

ಯಂತ್ರ ಕೆಟ್ಟು ನಿಂತಾಗ ನಾನು ಮೊದಲು ನೋಡುವುದು ಹತ್ತಿರ ಯಾರಿದ್ದಾರೆ ಎಂದು. ಯಂತ್ರವನ್ನು ನೋಡುವುದು ಆಮೇಲೆ. ಇದು ನನ್ನ ಹುಟ್ಟುಗುಣ. ಮನೆಯಲ್ಲಿ ಮಿಕ್ಸಿ ತಿರುಗದಿದ್ದರೆ ಹೆಂಡತಿ ಜೊಹರಾ ಅದಕ್ಕೆ ಏನು ಮಾಡಿದಳು ಎಂದು ಕೇಳುತ್ತೇನೆ. ಕಾರು ಸ್ಟಾರ್ಟ್ ಆಗದಿದ್ದರೆ ನಿನ್ನೆ ಅದರಲ್ಲಿ ಕೂತವರನ್ನೆಲ್ಲ ನೆನಪು ಮಾಡಿಕೊಳ್ಳುತ್ತೇನೆ. ಕೊನೆಗೆ ನೋಡಿದರೆ ಮಿಕ್ಸಿಯ ಸ್ವಿಚ್ಚು ಹಾಕಿರುವುದಿಲ್ಲ, ಕಾರಿನಲ್ಲಿ ಪೆಟ್ರೋಲ್ ಇರುವುದಿಲ್ಲ. "ನಿಮ್ಮನ್ನು ಮೆಕ್ಯಾನಿಕ್ ಅಂತ ಸೌದಿಗೆ ಕರೆಸಿಕೊಂಡ್ರಲ್ಲ, ಅವರಿಗೆ ನನ್ನದೊಂದು ಸಲಾಂ ಹೇಳಿ" ಎನ್ನುತ್ತಾಳೆ ಜೊಹರಾ. ಹದಿನೇಳು ವರ್ಷದಿಂದ ಹೇಳುತ್ತಲೇ ಇದ್ದಾಳೆ, ನಾನು ಇನ್ನೂ ತಲುಪಿಸಿಲ್ಲ.

ನಾನು ಕೆಲಸ ಮಾಡುವುದು ದಹ್ರಾನಿನಿಂದ ಸ್ವಲ್ಪ ಆಚೆ, ಮರಳಿನ ನಡುವೆ ಇರುವ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ. ಗುರಿಯಿಟ್ಟು ಹೊಡೆಯುವುದು ಸದಸ್ಯರ ಕೆಲಸ. ಹೊಡೆದ ಮೇಲೆ ಬಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಹೆಕ್ಕಿ, ತೊಳೆದು, ಪುನಃ ತುಂಬಿಸಿಡುವುದು ನಮ್ಮ ಕೆಲಸ. ನಮ್ಮ ಎಂದರೆ ನಾನು ಮತ್ತು ಇಸ್ಮಾಯಿಲ್ ಸಾಹೇಬರು. ಸಾಹೇಬರು ಭಟ್ಕಳದವರು, ಅರುವತ್ತು ದಾಟಿದವರು, ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವವರು. ಅವರ ಮನೆಮಾತು ನವಾಯತಿ, ನಾನು ಬಂಟ್ವಾಳ ಕಡೆಯ ಬ್ಯಾರಿ. ಹಾಗಾಗಿ ನಮ್ಮಿಬ್ಬರ ಪ್ರೀತಿ, ಜಗಳ ಎರಡೂ ಕನ್ನಡದಲ್ಲೇ ನಡೆಯುತ್ತವೆ. ಅವರು ತೋಟೆ ತೊಳೆದು ಒಣಗಿಸಿ ಕೊಡುತ್ತಾರೆ, ನಾನು ತೋಟೆ ತುಂಬಿಸುವ ಯಂತ್ರದ, ಅಂದರೆ ಪ್ರೆಸ್ಸಿನ, ಹಿಡಿ ಎಳೆಯುತ್ತೇನೆ. ಹಿಡಿ ಎಳೆದಾಗ ಒಂದು ಉಕ್ಕಿನ ಸೂಜಿ ತೋಟೆಯೊಳಗೆ ಇಳಿದು, ಅದರ ಬುಡದಲ್ಲಿರುವ ಉರಿದುಹೋದ ಪ್ರೈಮರನ್ನು ಹೊರಗೆ ದಬ್ಬುತ್ತದೆ. ಪ್ರೈಮರ್ ಎಂದರೆ ತೋಟೆಗೆ ಕಿಡಿ ಹಚ್ಚುವ, ಬೇಳೆಕಾಳಿನಷ್ಟು ದೊಡ್ಡ ಲೋಹದ ಬಿಲ್ಲೆ. ಕಿಡಿ ಕೊಟ್ಟು ಮುಗಿದ ಮೇಲೆ ಅದು ಬರೀ ಕಸ. ಈ ಕಸ ಪ್ರೆಸ್ಸಿನ ಮುಂದಿರುವ ಪುಟ್ಟ ಬಟ್ಟಲಿಗೆ ಬಿದ್ದು, ಅಲ್ಲಿಂದ ಕಪ್ಪು ರಬ್ಬರಿನ ಕೊಳವೆಯಲ್ಲಿ ಜಾರಿ, ಕೆಳಗೆ ಕಟ್ಟಿದ ಬಾಟಲಿಗೆ ಸೇರಬೇಕು. ಸೇರಬೇಕು ಎನ್ನುವುದು ಪ್ರೆಸ್ ತಯಾರಿಸಿದವರ ಆಸೆ.

ಎರಡು ತಿಂಗಳಿನಿಂದ ಅದು ಸೇರುತ್ತಿರಲಿಲ್ಲ. ಇನ್ನೂರು ತೋಟೆ ಸರಾಗವಾಗಿ ಹೋಗುತ್ತಿದ್ದವು, ಆಮೇಲೆ ಹಿಡಿ ಅರ್ಧದಲ್ಲೇ ಹಟ ಹಿಡಿದು ನಿಲ್ಲುತ್ತಿತ್ತು. ಬಗ್ಗಿ ನೋಡಿದರೆ ಬಟ್ಟಲು ತುಂಬಿ, ಬಿಲ್ಲೆಗಳು ಒಂದರ ಮೇಲೊಂದು ಹತ್ತಿ ಕೂತು ಪ್ರೆಸ್ಸಿನ ಕಾಲನ್ನೇ ಹಿಡಿದಿರುತ್ತಿದ್ದವು. ನಾನು ಸೂಜಿ ಬದಲಾಯಿಸಿದೆ. ಸ್ಪ್ರಿಂಗು ಬದಲಾಯಿಸಿದೆ. ಎಣ್ಣೆ ಬಿಟ್ಟೆ, ಎಣ್ಣೆ ಜಾಸ್ತಿಯಾಯಿತೇನೋ ಎಂದು ಒರೆಸಿದೆ, ಒರೆಸಿದ್ದು ಜಾಸ್ತಿಯಾಯಿತೆಂದು ಪುನಃ ಬಿಟ್ಟೆ. ಬಿಸ್ಮಿಲ್ಲಾ ಹೇಳಿಯೂ ಎಳೆದೆ, ಬೈದೂ ಎಳೆದೆ. ಕೊಳವೆಯನ್ನು ಹೊರಗಿನಿಂದ ತಟ್ಟಿದರೆ ನಾಲ್ಕು ಬಿಲ್ಲೆ ಬೀಳುತ್ತಿದ್ದವು, ನನಗೆ ಅಷ್ಟೇ ಸಮಾಧಾನ ಸಾಕಾಗುತ್ತಿತ್ತು. "ಎಂತ ಮಾರಾಯಾ, ಪುನಃ ಸಿಕ್ಕಿಬಿತ್ತಾ?" ಎಂದು ಸಾಹೇಬರು ಬಾಗಿಲಿನಿಂದ ಕೇಳುವಾಗ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಇಲ್ಲಿ ನನ್ನ ಇನ್ನೊಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ನನಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಕಾಯಿಲೆಯವನು ಸೌದಿಯಲ್ಲಿ ಬದುಕುವುದೆಂದರೆ ದೊಡ್ಡ ಶಿಕ್ಷೆ. ಬ್ಯಾಂಕಿಗೆ ಹೋದರೆ ಖರ್ಜೂರ, ಟೈರ್ ಅಂಗಡಿಗೆ ಹೋದರೆ ಖರ್ಜೂರ, ಒಮ್ಮೆ ನನ್ನ ಸಕ್ಕರೆ ಪರೀಕ್ಷೆ ಮಾಡಿದ ಕ್ಲಿನಿಕ್ಕಿನಲ್ಲೇ ಕಾಯುವವರಿಗೆಂದು ಒಂದು ತಟ್ಟೆ ಖರ್ಜೂರ ಇಟ್ಟಿದ್ದರು! ನಮ್ಮ ಮ್ಯಾನೇಜರ್ ಅಬು ಫಹದ್ ಅವರಿಗೆ ಅಲ್ ಅಹ್ಸಾದಲ್ಲಿ ಸ್ವಂತ ಖರ್ಜೂರದ ತೋಟ. ಪ್ರತಿ ಭಾನುವಾರ ಒಂದು ಪೆಟ್ಟಿಗೆ ನಮ್ಮ ಊಟದ ಕೋಣೆಯ ಮೇಜಿನ ಮೇಲೆ ಇಟ್ಟುಹೋಗುತ್ತಾರೆ. ಜೊಹರಾ ಮನೆಯಲ್ಲಿ ಖರ್ಜೂರದ ಡಬ್ಬಿಗೆ ಬೀಗ ಹಾಕುವುದೊಂದು ಬಾಕಿ. ಹೀಗಿರುವಾಗ ನಾನು ಕ್ಲಬ್ಬಿನಲ್ಲಿ ಒಂದೆರಡು ತಿನ್ನುತ್ತಿದ್ದೆ ಎಂದರೆ ನೀವು ಕ್ಷಮಿಸಬೇಕು. ಪ್ರೆಸ್ಸಿನ ಕೋಣೆಯಲ್ಲಿ ಸಿಡಿಮದ್ದಿನ ಧೂಳು ಇರುವುದರಿಂದ ಏನೂ ತಿನ್ನಬಾರದೆಂಬ ಕಾನೂನಿದೆ. ಕನ್ನಡ, ಅರಬಿ, ಇಂಗ್ಲಿಷಿನಲ್ಲಿ ಆ ಬೋರ್ಡು ಬರೆದು ಗೋಡೆಗೆ ಹೊಡೆದವನು ನಾನೇ. ಕನ್ನಡದ ಸಾಲು ಸಾಹೇಬರಿಗೋಸ್ಕರ.

ಹೋದ ತಿಂಗಳು ಕ್ಲಬ್ಬಿನಲ್ಲಿ ಸ್ಪರ್ಧೆ ಹತ್ತಿರ ಬಂತು, ತೋಟೆ ಸಾಲಲಿಲ್ಲ. ಅಬು ಫಹದ್ ನನ್ನನ್ನು ಕರೆದರು. "ಉಮರಬ್ಬ, ಪ್ರೆಸ್ ಯಾಕೆ ನಿಲ್ಲುತ್ತದೆ? ಕಾರಣ ಬರೆದು ಕೊಡು. ನಾಳೆಯೇ ಬೇಕು, ಯಲ್ಲಾ, ಬೇಗ!" ನಾನು ಏಳುವಾಗ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: "ಇಸ್ಮಾಯಿಲರ ಇಕಾಮಾ ಈ ತಿಂಗಳು ಮುಗಿಯುತ್ತದೆ. ಮುದುಕರಾದರು. ಅವರ ಕೆಲಸದಿಂದಲೇ ತೊಂದರೆ ಅಂತಾದರೆ ಹೇಳು, ನಾನು ಮುಂದುವರಿಸುವುದಿಲ್ಲ." ಇಕಾಮಾ ಇಲ್ಲವೆಂದರೆ ಇಲ್ಲಿ ಇರಲು ಪರವಾನಗಿ ಇಲ್ಲ, ಗಂಟುಮೂಟೆ ಕಟ್ಟಿ ವಿಮಾನ ಹತ್ತುವುದೇ. ಸಾಹೇಬರ ಕೊನೆಯ ಮಗಳು ಊರಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಇನ್ನೊಂದು ವರ್ಷ ಇದೆ. ಅದೊಂದು ವರ್ಷ ದಾಟಿಸಿಬಿಟ್ಟರೆ ಸಾಕು ಮಾರಾಯಾ ಎಂದು ಅವರು ನನಗೆ ನೂರು ಸಲ ಹೇಳಿದ್ದರು.

ಇಷ್ಟು ಗೊತ್ತಿದ್ದೂ ನನ್ನ ಹುಟ್ಟುಗುಣ ಸುಮ್ಮನಿರಲಿಲ್ಲ. ಸಾಹೇಬರ ಕಣ್ಣು ಮಂಜು, ತೋಟೆ ಸರಿಯಾಗಿ ಒಣಗಿದೆಯೋ ಇಲ್ಲವೋ ಅವರಿಗೆ ಕಾಣುವುದಿಲ್ಲ. ಹಸಿ ತೋಟೆಯ ಮಸಿ ಕೊಳವೆಯೊಳಗೆ ಅಂಟಾಗಿ ಬಿಲ್ಲೆಗಳನ್ನು ಹಿಡಿಯುತ್ತದೆ. ಎಷ್ಟು ಚಂದದ ಕಾರಣ! ಹಾಗೆಯೇ ಬರೆದೆ. ಕೊನೆಗೆ "ಅವರು ತುಂಬಾ ಒಳ್ಳೆಯ ಮನುಷ್ಯ" ಎಂದೂ ಸೇರಿಸಿದೆ. ಕುತ್ತಿಗೆ ಕೊಯ್ಯುವಾಗಲೂ ನನ್ನಲ್ಲಿ ಅಷ್ಟು ಮರ್ಯಾದೆ ಉಂಟು. ಇನ್ನು ಸಾಕ್ಷಿಗೆ ಆ ಹಸಿ ಮಸಿಯ ಒಂದು ಫೋಟೋ ಬೇಕಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಕೊಳವೆಯನ್ನು ಕಳಚಿ, ಹಳೆಯ ಪೇಪರಿನ ಮೇಲೆ ತಲೆಕೆಳಗಾಗಿ ಹಿಡಿದು ಬಡಿದೆ.

ಬಿಲ್ಲೆಗಳು ಸುರಿದವು. ಒಣಗಿದ್ದವು, ಮಸಿಯೂ ಇರಲಿಲ್ಲ. ಅವುಗಳ ಹಿಂದಿನಿಂದ ಮೂರು ಖರ್ಜೂರದ ಬೀಜ ಬಿದ್ದವು.

ಯಾ ಅಲ್ಲಾ! ಈ ಕೋಣೆಯಲ್ಲಿ ನಾನೇ ಕದ್ದು ತಿಂದ ಖರ್ಜೂರದವು. ಹೊರಗೆ ಹೆಜ್ಜೆ ಸದ್ದಾದರೆ ಸಾಕು, ಬಾಯಲ್ಲಿದ್ದ ಬೀಜವನ್ನು ಎದುರಿಗಿದ್ದ ಬಟ್ಟಲಿಗೆ ಹಾಕಿಬಿಡುತ್ತಿದ್ದೆ. ಹೇಗೂ ಕಸ ಬೀಳುವ ಜಾಗ, ಜಾರಿ ಬಾಟಲಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ಕೊಳವೆಯ ತಿರುವಿನಲ್ಲಿ ಅಡ್ಡ ಮಲಗಿ, ಹಿಂದೆ ಬಂದ ಬಿಲ್ಲೆಗಳನ್ನೆಲ್ಲ ತಡೆದಿತ್ತು. ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಪೇಪರಿನ ಮೇಲೆ ಇದ್ದದ್ದನ್ನು ನೋಡಿದರು. ಅವರ ಮಂಜು ಕಣ್ಣಿಗೆ ಬೀಜ ಮಾತ್ರ ಚೆನ್ನಾಗಿಯೇ ಕಂಡಿತು.

"ಸಿಕ್ಕಿತಾ?" ಎಂದರು ಮೆಲ್ಲಗೆ. "ಬಾಟಲಿ ಖಾಲಿ ಮಾಡುವವ ನಾನಲ್ಲವಾ ಮಾರಾಯಾ, ಅದರಲ್ಲಿ ನನಗೆ ಬೀಜ ಸಿಗ್ತಾ ಇತ್ತು. ಭಾನುವಾರ ಜಾಸ್ತಿ. ನಿನ್ನ ಶುಗರಿನ ವಿಷಯ ಗೊತ್ತಾದರೆ ಮ್ಯಾನೇಜರು ನಿನ್ನನ್ನು ಮೆಡಿಕಲ್‌ಗೆ ಕಳಿಸ್ತಾರೆ, ಆ ಪರೀಕ್ಷೆಯಲ್ಲಿ ಫೇಲಾದರೆ ಕೆಲಸಕ್ಕೆ ತೊಂದರೆ ಆಗ್ತದೆ ಅಂತ ಸುಮ್ಮನಿದ್ದೆ. ಒಳಗೆ ಸಿಕ್ಕಿಬಿದ್ದದ್ದೂ ಅದೇ ಅಂತ ನನಗೂ ಹೊಳೆಯಲಿಲ್ಲ ನೋಡು."

ಅವರು ನನ್ನ ಕೆಲಸ ಉಳಿಯಲೆಂದು ಬಾಯಿ ಮುಚ್ಚಿಕೊಂಡಿದ್ದರು. ಅವರ ಕೆಲಸ ಕಳೆಯುವ ಕಾಗದ ನನ್ನ ಕಿಸೆಯಲ್ಲಿತ್ತು. ನನಗೆ ಅಳು ಬಂತು. ಮದ್ದಿನ ಧೂಳು ಕಣ್ಣಿಗೆ ಹೋಯಿತು ಎಂದೆ. "ಹೌದು, ಬೋರ್ಡಿನಲ್ಲಿ ಬರೆದಿದ್ದೀಯಲ್ಲ" ಎಂದರು.

ಆ ಕಾಗದ ಹರಿದು ಹೊಸದು ಬರೆದೆ: ಕಾರಣ ಖರ್ಜೂರದ ಬೀಜ; ತಪ್ಪು ಉಮರಬ್ಬನದು; ಇಸ್ಮಾಯಿಲರ ತೋಟೆಗಳು ಒಣಗಿಯೇ ಇವೆ. ನನ್ನ ಸಕ್ಕರೆ ಕಾಯಿಲೆಯನ್ನೂ ಮುಚ್ಚಿಡಲಿಲ್ಲ. ಅಬು ಫಹದ್ ಎರಡು ಸಲ ಓದಿದರು. ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ ನನಗೆ ಎಚ್ಚರಿಕೆ ಪತ್ರ ಕೊಟ್ಟರು, ಮೆಡಿಕಲ್‌ಗೂ ಕಳಿಸಿದರು, ಸಾಹೇಬರ ಇಕಾಮಾಕ್ಕೆ ಒಂದು ವರ್ಷದ ಸಹಿಯನ್ನೂ ಹಾಕಿದರು. ಪತ್ರ ಓದಿದ ಜೊಹರಾ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೆಯ ದಿನ ಸಾಹೇಬರ ಮನೆಗೆ ಬಿರಿಯಾನಿ ಕಳಿಸಿದಳು.

ಪ್ರೆಸ್ ಈಗ ನಿಲ್ಲುವುದಿಲ್ಲ. ಖರ್ಜೂರದ ಪೆಟ್ಟಿಗೆ ಸಾಹೇಬರ ವಶದಲ್ಲಿದೆ. ದಿನಕ್ಕೆ ಒಂದು ತಿನ್ನಬಹುದೆಂದು ಡಾಕ್ಟರು ಒಪ್ಪಿದ್ದಾರೆ. ಕೆಲಸ ಮುಗಿಸಿ, ಕೈತೊಳೆದು ಹೊರಗೆ ಬಂದಾಗ ಸಾಹೇಬರು ಆ ಒಂದನ್ನು ಕೊಡುತ್ತಾರೆ. ಕೊಟ್ಟು, ನನ್ನ ಗಲ್ಲದ ಕೆಳಗೆ ಅಂಗೈ ಚಾಚಿ ನಿಲ್ಲುತ್ತಾರೆ. ಹೋಗಿ ಬರುವವರೆಲ್ಲ ನೋಡುತ್ತಾರೆ, ನಾನು ಎಷ್ಟು ನಾಚಿದರೂ ಬೀಜ ಅಂಗೈಗೆ ಬೀಳುವವರೆಗೆ ಅವರು ಕೈ ಹಿಂದೆ ತೆಗೆಯುವುದಿಲ್ಲ.